ಇಡೀ ಮೀನು, ಕೆಂಡ ಮತ್ತು ಇತಿಹಾಸ

ಬೆಂಗಳೂರು, ದುಬೈಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಆಗಾಗ ಕೇಳುವುದುಂಟು: "ಸಾರ್, ಹೋಟೆಲಿನಲ್ಲಿ ಕೊಡುವಂತಹ ಇಡೀ ಮೀನಿನ ಗ್ರಿಲ್ ಮನೆಯಲ್ಲಿ ಏಕೆ ಸರಿಬರುವುದಿಲ್ಲ?" ಇತಿಹಾಸ ಪಾಠ ಹೇಳಿದವನಿಗೆ ಅಡಿಗೆಯ ಪ್ರಶ್ನೆಯೇ ಎಂದು ನಗಬೇಡಿ. ಇದನ್ನು 'ಹೋಟೆಲಿನ ತಿನಿಸು' ಎಂದು ನಾವು ಭಾವಿಸಿರುವುದರ ಹಿಂದೆಯೇ ಒಂದು ಚರಿತ್ರೆಯಿದೆ.

ಕನ್ನಡದಲ್ಲಿ ಅಡಿಗೆಯ ಬರವಣಿಗೆ ಬಹಳ ಹಳೆಯದು. ಸುಮಾರು ಕ್ರಿ.ಶ. 1025ರಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ಪಾಕಶಾಸ್ತ್ರಕ್ಕೂ ಸ್ಥಾನವಿದೆ. 16ನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಪ್ರತ್ಯೇಕ ಗ್ರಂಥವನ್ನೇ ಷಟ್ಪದಿಯಲ್ಲಿ ಬರೆದನು. ಎರಡರಲ್ಲಿಯೂ ಇರುವುದು ಸಸ್ಯಾಹಾರದ ಅಡಿಗೆ. ಮೀನಿನ ಪಾಕವನ್ನು ಹುಡುಕುವವರು ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ಕ್ಕೆ ಹೋಗಬೇಕು. ಮೀನನ್ನು ತುಂಡರಿಸಿ ತೊಳೆದು, ಹುಣಿಸೆಯ ರಸದಲ್ಲಿ ಬೇಯಿಸಿ, ಗೋಧಿಹಿಟ್ಟು ಉದುರಿಸಿ, ಕಾದ ಎಣ್ಣೆಯಲ್ಲಿ ಕೆಂಪಗೆ ಕರಿದು, ಸೈಂಧವ ಲವಣ, ಏಲಕ್ಕಿ, ಕಾಳುಮೆಣಸಿನ ಪುಡಿ ಹಾಕುವ ಕ್ರಮ ಅಲ್ಲಿದೆ. (ಅದೇ ಗ್ರಂಥದಲ್ಲಿ ಹೊಳೆದಂಡೆಯ ಇಲಿಯ ಪಾಕವೂ ಇದೆ, ಅದನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಹಿಂದಿನ ಬೆಂಚಿನವರು ಎಚ್ಚರಗೊಳ್ಳುತ್ತಿದ್ದರು.) ಇಂದಿನ ರವಾ ಫ್ರೈಗೂ ಆ ಗೋಧಿಹಿಟ್ಟಿಗೂ ಉದ್ದೇಶ ಒಂದೇ: ತೇವವನ್ನು ಹೀರಿ ಹೊರಪದರವನ್ನು ಗರಿಗರಿಯಾಗಿಸುವುದು. ಒಣಮೆಣಸಿನಕಾಯಿ ಮಾತ್ರ ಅರಸನಿಗೂ ದೊರೆಯಲಿಲ್ಲ. ಅದು ಪೋರ್ಚುಗೀಸರೊಂದಿಗೆ 16ನೆಯ ಶತಮಾನದಲ್ಲಿ ಬಂದದ್ದು. ಬಂದ ಅತಿಥಿ ಮನೆಯೊಡೆಯನ ಹೆಸರನ್ನೇ ಕಿತ್ತುಕೊಂಡಿತು. ಕರಾವಳಿಯಲ್ಲಿ 'ಮೆಣಸು' ಎಂದರೆ ಈಗ ಮೆಣಸಿನಕಾಯಿ, ಕಾಳುಮೆಣಸು 'ಒಳ್ಳೆಮೆಣಸು' ಆಗಿದೆ.

ಅರಸನ ಅಡಿಗೆ ಗ್ರಂಥಕ್ಕೆ ಬಂತು. ಮೊಗವೀರ, ಖಾರ್ವಿ, ಹರಿಕಾಂತ ಮೊದಲಾದ ಕಡಲಿನ ಜನರ ಮನೆಯ ಅಡಿಗೆಯನ್ನು ಯಾವ ಪಂಡಿತನೂ ಬರೆದಿಡಲಿಲ್ಲ. 1980ರ ದಶಕದಲ್ಲಿ ನಾನು ಪಾಠ ಹೇಳುತ್ತಿದ್ದ ಕರಾವಳಿಯ ಒಂದು ಪ್ರೌಢಶಾಲೆಯಲ್ಲಿ ಮೀನುಗಾರರ ಮಕ್ಕಳು ಮಧ್ಯಾಹ್ನದ ಬುತ್ತಿಯನ್ನು ತರಗತಿಯಲ್ಲಿ ಬಿಚ್ಚುತ್ತಿರಲಿಲ್ಲ. ವಾಸನೆಯೆಂದು ಉಳಿದವರು ಮೂಗು ಮುರಿಯುತ್ತಿದ್ದುದರಿಂದ ಕಟ್ಟಡದ ಹಿಂದಿನ ತೆಂಗಿನ ಮರದ ಬುಡಕ್ಕೆ ಹೋಗುತ್ತಿದ್ದರು. ಅವರಲ್ಲೊಬ್ಬಳು ತನ್ನಜ್ಜಿಯ ಕ್ರಮವನ್ನು ನನಗೆ ವಿವರಿಸಿದ್ದಳು. ಅಡಿಗೆ ಮುಗಿದು ಒಲೆಯಲ್ಲಿ ಕೆಂಡ ಮಾತ್ರ ಉಳಿದಾಗ, ಉಪ್ಪು, ಹುಣಿಸೆ, ಮೆಣಸು ಅರೆದು ಸವರಿದ ಇಡೀ ಬಂಗುಡೆಯನ್ನು ಬಾಳೆಯೆಲೆಯಲ್ಲಿ ಸುತ್ತಿ ಇಡುವುದು. ಎಲೆ ಕರಿಕಾದರೆ ಮೀನು ಬೆಂದಿತೆಂದು ಅರ್ಥ. ಇಂದು ನಗರದ ಹೋಟೆಲುಗಳಲ್ಲಿ ಅಂಥದೇ ಮೀನಿಗೆ ಗಾಜಿನ ಹೂಜಿಯ ಪಕ್ಕದಲ್ಲಿ ಸ್ಥಾನ ದೊರೆತಿದೆ. ಅದನ್ನು ಕಂಡಾಗ ನನಗೆ ಆ ತೆಂಗಿನ ಮರದ ನೆನಪಾಗದೆ ಇರುವುದಿಲ್ಲ.

ಇನ್ನು ಹೋಟೆಲಿನ 'ತಂದೂರಿ ಪಾಂಪ್ರೆಟ್'. ಇದರಲ್ಲಿ ಮೀನು ನಮ್ಮ ಕಡಲಿನದು, ಒಲೆ ವಾಯವ್ಯದ್ದು. 1947ರ ವಿಭಜನೆಯ ಬಳಿಕ ಪೇಶಾವರದಿಂದ ಬಂದವರು ದೆಹಲಿಯ ದರಿಯಾಗಂಜಿನಲ್ಲಿ ತೆರೆದ ಮೋತಿ ಮಹಲ್‌ನಂತಹ ಹೋಟೆಲುಗಳಿಂದ ತಂದೂರಿನ ಅಡಿಗೆ ದೇಶದ ಹೋಟೆಲುಗಳಿಗೆಲ್ಲ ಹರಡಿತು. ಆ ಮಣ್ಣಿನ ಒಲೆಯ ಶಾಖ 400 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನಮ್ಮ ಮನೆಯ ಓವನ್ ಸಾಮಾನ್ಯವಾಗಿ 250ಕ್ಕೆ ನಿಲ್ಲುತ್ತದೆ. ಹೋಟೆಲಿನವರ ಗುಟ್ಟಿನಲ್ಲಿ ಮುಕ್ಕಾಲು ಪಾಲು ಇಷ್ಟೇ. ಚರ್ಮದ ಮೇಲಿನ ನೀರು ಆರುವ ತನಕ ಅದು ಕೆಂಪಾಗದು. ಶಾಖ ಕಡಿಮೆಯಿರುವ ನಾವು ನೀರನ್ನು ಮೊದಲೇ ತೆಗೆದಿರಬೇಕು.

ಆದುದರಿಂದ 300–400 ಗ್ರಾಂ ತೂಕದ ಮೀನನ್ನು ಆರಿಸಿಕೊಳ್ಳಿ. ಇದಕ್ಕಿಂತ ದಪ್ಪನೆಯದಾದರೆ ಹೊರಗೆ ಕರಿಕಾಗಿ ಒಳಗೆ ಹಸಿಯಾಗಿರುತ್ತದೆ. ಬಂಗುಡೆಯಾದರೆ ತಂದ ಕೂಡಲೇ ತಣ್ಣಗಿಡಿ. ಬಿಸಿಯಲ್ಲಿ ಬಿಟ್ಟ ಬಂಗುಡೆಯಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ, ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ, ಮೈಯೆಲ್ಲ ತುರಿಸಿ ಕೆಂಪಾಗುತ್ತದೆ. ಹುರುಪೆ, ಕಿವಿರು, ಕರುಳು ತೆಗೆದು ತೊಳೆದು, ಎರಡೂ ಬದಿಗೆ ಮೂಳೆ ಮುಟ್ಟುವಂತೆ ಮೂರು ಗೀರು ಹಾಕಿರಿ. ಉಪ್ಪು ಸವರಿ ಕಾಲು ಗಂಟೆ ಬಿಟ್ಟರೆ ನೀರು ಒಡೆಯುತ್ತದೆ; ಅದನ್ನು ಒಣಬಟ್ಟೆಯಿಂದ ಒರೆಸಿ. ಬಹಳಷ್ಟು ಮನೆಗಳಲ್ಲಿ ಈ ಒರೆಸುವ ಕೆಲಸವೇ ತಪ್ಪಿಹೋಗುತ್ತದೆ. ಆಮೇಲೆ ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಶುಂಠಿ, ಅರಿಸಿನ, ಗಟ್ಟಿ ಹುಣಿಸೆ ಅರೆದ ಮಸಾಲೆಯನ್ನು ತೆಂಗಿನೆಣ್ಣೆಯಲ್ಲಿ ಕಲಸಿ ತೆಳ್ಳಗೆ ಹಚ್ಚಿರಿ.

ಓವನ್ ಇದ್ದರೆ 220 ಡಿಗ್ರಿಗೆ ಚೆನ್ನಾಗಿ ಕಾಯಿಸಿ, ಮೀನನ್ನು ತಟ್ಟೆಯಲ್ಲಲ್ಲ, ಕಂಬಿಯ ಜಾಲರಿಯ ಮೇಲಿಡಿ. ಸುಮಾರು 15 ನಿಮಿಷವಾದ ಮೇಲೆ ಕೊನೆಯ ಎರಡು ಮೂರು ನಿಮಿಷ ಮೇಲಿನ ಶಾಖ ಮಾತ್ರ ಸಾಕು. ಓವನ್ ಇಲ್ಲದವರು ಚಿಂತಿಸಬೇಕಿಲ್ಲ. ಕಬ್ಬಿಣದ ಕಾವಲಿಯನ್ನು ಚೆನ್ನಾಗಿ ಕಾಯಿಸಿ ಎಣ್ಣೆ ಬಿಟ್ಟು ಮೀನನ್ನಿಟ್ಟು ಕೈಕಟ್ಟಿ ನಿಲ್ಲಬೇಕು. ಹದವಾದ ಮೀನು ತಾನಾಗಿಯೇ ಕಾವಲಿ ಬಿಡುತ್ತದೆ. ಅವಸರಪಟ್ಟು ಎಬ್ಬಿಸಿದರೆ ಚರ್ಮ ಅಲ್ಲಿಯೇ ಉಳಿಯುತ್ತದೆ. ನಡುಮೂಳೆಯ ಬಳಿ ಮಾಂಸ ಬೆಳ್ಳಗಾಗಿ, ಮೂಳೆಯಿಂದ ಸುಲಭವಾಗಿ ಬಿಡಿಸಿಬಂದರೆ ಇಳಿಸಿರಿ.

ತಲೆಯನ್ನು ಎಸೆಯಬೇಡಿ. ಕೆನ್ನೆಯ ಆ ಪುಟ್ಟ ತುಣುಕು ಇಡೀ ಮೀನಿನಲ್ಲಿಯೇ ಮೃದುವಾದದ್ದು. ಆ ಹುಡುಗಿಯ ಮನೆಯಲ್ಲಿ ಅದು ಅಜ್ಜಿಯ ಪಾಲಿಗೆ ಮೀಸಲಾಗಿತ್ತಂತೆ.