ಎರಡು ಮಾತ್ರೆ, ಒಂದು ಕಿಣ್ವ

ನಮ್ಮತ್ತೆಗೆ ಸಂಧಿವಾತ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ಇನ್ನೊಂದು ದಿನ ಫೋಲಿಕ್ ಆಸಿಡ್. "ಒಂದಕ್ಕೊಂದು ಆಗಿಬರೋಲ್ವಂತೆ, ಮತ್ತೆ ಎರಡೂ ಯಾಕೆ ನುಂಗಬೇಕು?" ಅಂತ ಕೇಳಿದರು. ಉತ್ತರ ಹುಡುಕುತ್ತಾ ಹೋದವನಿಗೆ ಒಂದು ದೊಡ್ಡ ಕತೆಯೇ ಸಿಕ್ಕಿತು.

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಆಗಿನ ಬೊಂಬಾಯಿಗೆ ಬಂದರು. ಬಟ್ಟೆಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಬಸುರಿಯರು ತೀವ್ರ ರಕ್ತಹೀನತೆಯಿಂದ ನರಳುತ್ತಿದ್ದರು. ಯೀಸ್ಟಿನ ಸಾರ ಕೊಟ್ಟರೆ ಅವರು ಚೇತರಿಸಿಕೊಳ್ಳುತ್ತಾರೆ ಎಂದು ವಿಲ್ಸ್ 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದದ್ದೇನು? 1941ರಲ್ಲಿ ಅಮೆರಿಕದಲ್ಲಿ ಪಾಲಕ್ ಸೊಪ್ಪಿನಿಂದ ಅಂಥದೇ ವಸ್ತು ತೆಗೆದು ಫೋಲಿಕ್ ಆಸಿಡ್ ಎಂದು ಹೆಸರಿಟ್ಟರು. ಲ್ಯಾಟಿನ್ನಿನಲ್ಲಿ ಫೋಲಿಯಂ ಅಂದರೆ ಎಲೆ.

ಭೀಮಾವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿದ್ದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಲೆಡರ್ಲಿ ಕಂಪನಿಯಲ್ಲಿ 1945ರ ಹೊತ್ತಿಗೆ ಇದನ್ನು ಪ್ರಯೋಗಾಲಯದಲ್ಲೇ ತಯಾರಿಸಿತು. ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಈ ಬಗೆಯ ಔಷಧಿಯನ್ನು ರಕ್ತಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು ನೋಡಿದರು. ರೋಗ ಇಳಿಯುವ ಬದಲು ಏರಿತು! ಫಾರ್ಬರ್ ತಿರುಗಿಸಿ ಯೋಚಿಸಿದರು: ರೋಗಕ್ಕೆ ಇದೇ ಮೇವಾದರೆ, ಮೇವನ್ನೇ ತಪ್ಪಿಸಿದರೆ?

ಲೆಡರ್ಲಿ ತಂಡ ಫೋಲಿಕ್ ಆಸಿಡ್ಡನ್ನೇ ಹೋಲುವ ನಕಲಿಯೊಂದನ್ನು ಕೊಟ್ಟಿತು, ಅಮಿನಾಪ್ಟೆರಿನ್. 1948ರ ಜೂನಿನ ವರದಿಯ ಪ್ರಕಾರ 16 ಮಕ್ಕಳಲ್ಲಿ 10 ಮಂದಿ ಚೇತರಿಸಿಕೊಂಡರು. ಆದರೆ ಅದು ತಾತ್ಕಾಲಿಕ. ರೋಗ ಮರಳಿ ಬಂತು. ಅದೇ ಆಗಸ್ಟಿನಲ್ಲಿ 53ರ ಸುಬ್ಬರಾವ್ ತೀರಿಕೊಂಡರು.

ಇಷ್ಟಾದರೂ ಮದ್ದು ಎಲ್ಲಿ ತಾಗುತ್ತದೆ ಅಂತ ಆಗ ಗೊತ್ತಿರಲಿಲ್ಲ. ಉತ್ತರ ಸಿಕ್ಕಿದ್ದು 1950ರ ದಶಕದ ಕೊನೆಗೆ: ಡೈಹೈಡ್ರೋಫೋಲೇಟ್ ರಿಡಕ್ಟೇಸ್ ಎಂಬ ಕಿಣ್ವ. ಎನ್‌ಎಡಿಪಿಎಚ್ ಎಂಬ ಅಣುವಿನ ನೆರವಿನಿಂದ ಡೈಹೈಡ್ರೋಫೋಲೇಟಿಗೆ ಎರಡು ಹೈಡ್ರೋಜನ್ ಸೇರಿಸಿ ಟೆಟ್ರಾಹೈಡ್ರೋಫೋಲೇಟ್ ಮಾಡುವುದು ಇದರ ಕೆಲಸ. ಡಿಎನ್‌ಎಗೆ ಬೇಕಾದ ಥೈಮಿನ್ ಕಟ್ಟುವಾಗ ಟೆಟ್ರಾ ಮತ್ತೆ ಡೈ ಆಗುತ್ತದೆ, ಕಿಣ್ವ ಮತ್ತೆ ಸರಿಮಾಡಬೇಕು. ನಕಲಿ ಬಂದು ಕಿಣ್ವದ ಜಾಗದಲ್ಲಿ ಕೂತರೆ ಈ ಚಕ್ರ ನಿಂತು, ಬೇಗ ಬೇಗ ಹುಟ್ಟುವ ಕೋಶಗಳಿಗೆ ಪೆಟ್ಟು. ಕ್ಯಾನ್ಸರಿಗೂ, ಪಾಪ, ಬಾಯಿ, ಕರುಳು, ರಕ್ತಮಜ್ಜೆಗೂ.

ಅಮಿನಾಪ್ಟೆರಿನ್ನಿನ ತಮ್ಮನೇ ಮೆಥೊಟ್ರೆಕ್ಸೇಟ್. ಮಕ್ಕಳ ರಕ್ತಕ್ಯಾನ್ಸರಿಗೆ ಇವತ್ತಿಗೂ ಬೇಕು. ಸಂಧಿವಾತಕ್ಕೆ ಕೊಡುವ ಪ್ರಮಾಣ ತೀರಾ ಕಡಿಮೆ. ಅದರ ಅಡ್ಡಪರಿಣಾಮ ತಗ್ಗಿಸಲು ಫೋಲಿಕ್ ಆಸಿಡ್.

ಅತ್ತೆಗೆ ಇಷ್ಟೂ ಹೇಳಿದೆ. "ಆ ಬೊಂಬಾಯಿ ಹೆಂಗಸರ ಹೆಸರು ಯಾರೂ ಬರೆದಿಡಲಿಲ್ವಾ?" ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ.