ಬೆಂಗಳೂರಿನ ಫಲಾಹಾರಮಂದಿರಗಳು: ಉದಯ, ಸ್ಥಾನಾಂತರ, ಅಸ್ತ

ಅರಸರ ವಂಶಾವಳಿಯನ್ನೂ ಯುದ್ಧಗಳ ಕಾಲನಿರ್ಣಯವನ್ನೂ ಬರೆದಿಟ್ಟರೆ ಪಟ್ಟಣವೊಂದರ ಚರಿತ್ರೆಯು ಮುಗಿಯಿತೆಂದು ಭಾವಿಸುವವರುಂಟು. ಆದರೆ ಊರಿನ ಜನರು ಎಲ್ಲಿ ಕುಳಿತು, ಯಾರ ಮಗ್ಗುಲಲ್ಲಿ ಕುಳಿತು, ಯಾರ ಕೈಯಡುಗೆಯನ್ನು ಉಂಡರೆಂಬುದೂ ಚರಿತ್ರೆಯೇ ಸರಿ. ಈ ದೃಷ್ಟಿಯಿಂದ ಬೆಂಗಳೂರಿನ ಕಾಫಿ ಕ್ಲಬ್ಬುಗಳು ಹುಟ್ಟಿದ, ಜಾಗ ಬದಲಿಸಿದ, ಮುಚ್ಚಿಹೋದ ವೃತ್ತಾಂತವನ್ನು ಸಂಗ್ರಹವಾಗಿ ವಾಚಕರ ಮುಂದಿಡುವೆನು.

ನಮ್ಮ ಹಿರಿಯರಲ್ಲಿ ಅನ್ನದಾನಕ್ಕೆ ಎಷ್ಟು ಗೌರವವಿದ್ದಿತೋ ಅನ್ನವಿಕ್ರಯಕ್ಕೆ ಅಷ್ಟೇ ಅಗೌರವವಿದ್ದಿತು. ಆಪತ್ಕಾಲದಲ್ಲಿ ವ್ಯಾಪಾರವನ್ನು ಕೈಕೊಂಡ ಬ್ರಾಹ್ಮಣನು ಸಹ ಬೇಯಿಸಿದ ಅನ್ನವನ್ನು ಮಾರಕೂಡದೆಂದು ಮನುಸ್ಮೃತಿಯು ವಿಧಿಸಿರುವುದು. ದಾರಿಗನಿಗೆ ಛತ್ರ, ಬಾಯಾರಿದವನಿಗೆ ಅರವಟಿಗೆ, ಬಡ ವಿದ್ಯಾರ್ಥಿಗೆ ವಾರಾನ್ನ, ಇವೇ ಹಳೆಯ ಏರ್ಪಾಡುಗಳು. ಇವುಗಳಲ್ಲಿ ಹಣದ ಮಾತಿರಲಿಲ್ಲ. ಜಾತಿಯ ಮಾತು ಮಾತ್ರ ಇದ್ದೇ ಇದ್ದಿತು. ಪಟ್ಟಣವು ಬೆಳೆದಂತೆಲ್ಲ ಈ ಏರ್ಪಾಡುಗಳು ಸಾಲದಾದುವು. 1898ರ ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡುವು. ಕಚೇರಿಗಳೂ ಗಿರಣಿಗಳೂ ಕಾಲೇಜುಗಳೂ ಪರಸ್ಥಳದವರನ್ನು ಕರೆತಂದುವು. ಮನೆ ಬಿಟ್ಟು ಬಂದವನಿಗೆ ಅಡುಗೆಮನೆಯೊಂದು ಬೇಕಾಯಿತು. ಅತ್ತ ದಕ್ಷಿಣ ಕನ್ನಡದಲ್ಲಿ ಅಲ್ಪ ಹುಟ್ಟುವಳಿಯಿಂದ ದೊಡ್ಡ ಕುಟುಂಬಗಳು ಬದುಕುವುದು ಕಷ್ಟವಾಗಿದ್ದಿತು. 1923ರ ಮಹಾನೆರೆಯು ಆ ಕಷ್ಟವನ್ನು ಇನ್ನಷ್ಟು ಹೆಚ್ಚಿಸಿತು. ಹೊಲವಿಲ್ಲದವನಿಗೆ ಉಳಿದ ಆಸ್ತಿಯೆಂದರೆ ಪಾಕವಿದ್ಯೆಯೊಂದೇ. ಅದನ್ನೇ ನಂಬಿ ಎಷ್ಟೋ ಮಂದಿ ತರುಣರು ಘಟ್ಟವನ್ನು ಹತ್ತಿದರು.

ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯ ಮಯ್ಯ ಸೋದರರು ಹೀಗೆ ಬಂದವರು. 1924ರಲ್ಲಿ ಅವರು ಲಾಲ್‌ಬಾಗ್ ಕೋಟೆ ರಸ್ತೆಯಲ್ಲಿ ‘ಬ್ರಾಹ್ಮಿನ್ ಕಾಫಿ ಕ್ಲಬ್’ ಎಂಬ ಸಣ್ಣ ಉಪಾಹಾರಗೃಹವನ್ನು ತೆರೆದರು. ಅಂದಿನ ದಿನಗಳಲ್ಲಿ ಇಂಥ ಹೆಸರು ಅಪರೂಪವಲ್ಲ. ಅದು ಒಬ್ಬನಿಗೆ ಅಭಯ, ಮತ್ತೊಬ್ಬನಿಗೆ ನಿಷೇಧ. ಹೊರಗೆ ಉಣ್ಣಲು ಹೆದರುವ ಮಡಿವಂತನಿಗೆ ಆ ಹಲಗೆಯು ಧೈರ್ಯವನ್ನು ಕೊಡುತ್ತಿದ್ದಿತು. ಹೊಸ್ತಿಲ ಹೊರಗೆ ನಿಂತವನಿಗೆ ಅವನ ಸ್ಥಾನವನ್ನು ತೋರಿಸುತ್ತಿದ್ದಿತು. ದಕ್ಷಿಣದೇಶದ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಪಂಕ್ತಿಯೂ ಇದ್ದಿತು. ಹಣಕ್ಕೆ ಜಾತಿಯಿಲ್ಲದಿದ್ದರೂ ಹಣ ಕೊಟ್ಟು ಕೂರುವ ಮಣೆಗೆ ಜಾತಿಯಿದ್ದ ಕಾಲವದು.

ಈ ಸಂಸ್ಥೆಯ ಮುಂದಿನ ಕಥೆಯು ವಿಚಾರಾರ್ಹವಾದುದು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಯು ದುರ್ಲಭವಾದಾಗ ರವೆಯಿಂದ ಇಡ್ಲಿಯನ್ನು ಮಾಡಿದುದು ತಮ್ಮಲ್ಲಿಯೇ ಎಂದು ಅವರು ಹೇಳುವರು. 1951ರಲ್ಲಿ ಯಜ್ಞನಾರಾಯಣ ಮಯ್ಯರು ಐರೋಪ್ಯದೇಶಗಳಿಗೆ ಹೋಗಿ ಅಲ್ಲಿನ ಭೋಜನಾಲಯಗಳನ್ನು ಕಂಡುಬಂದರು. ಬಂದ ಮೇಲೆ ಪಾತ್ರೆಗಳನ್ನು ಬಿಸಿಯಾವಿಯಿಂದ ಶುದ್ಧಿಮಾಡುವ ಕ್ರಮವನ್ನು ತಂದರು. ಅಡುಗೆಮನೆಯನ್ನು ಗಿರಾಕಿಗಳು ಕಣ್ಣಾರೆ ನೋಡುವ ಪದ್ಧತಿಯೂ ಅಲ್ಲಿ ಬೆಳೆಯಿತು. ಪರರ ದೃಷ್ಟಿ ಬೀಳಬಾರದೆಂಬುದು ಹಳೆಯ ಮಡಿ. ಎಲ್ಲರೂ ನೋಡಲಿ ಎಂಬುದು ಹೊಸ ಶುಚಿತ್ವ. ಇಷ್ಟರೊಳಗೆ ರಾಜ್ಯಾಂಗವು 1950ರಲ್ಲಿ ಜಾರಿಗೆ ಬಂದು, ಅದರ 15ನೆಯ ವಿಧಿಯು ಸಾರ್ವಜನಿಕ ಹೋಟೆಲುಗಳಲ್ಲಿ ಜಾತಿಯ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ಸಾರಿದ್ದಿತು. 1955ರ ಅಸ್ಪೃಶ್ಯತಾ ಅಪರಾಧಗಳ ಶಾಸನವು ತಡೆದವನಿಗೆ ದಂಡನೆಯನ್ನು ಗೊತ್ತುಮಾಡಿದ್ದಿತು. 1960ರಲ್ಲಿ ಕ್ಲಬ್ಬು ಈಗಿನ ಕಟ್ಟಡಕ್ಕೆ ಬಂದಿತು. ಆಗಲೇ ಹೆಸರೂ ಬದಲಾಗಿ ‘ಮಾವಳ್ಳಿ ಟಿಫನ್ ರೂಮ್ಸ್’ ಎಂದಾಯಿತು. ಜಾತಿಯ ಹೆಸರು ಹೋಗಿ ಕೇರಿಯ ಹೆಸರು ಬಂದಿತು. ಜಾಗ ಬದಲಿಸಿದುದು ಅಲ್ಪದೂರವಾದರೂ ಹಲಗೆಯು ಕ್ರಮಿಸಿದ ದೂರವು ಅಲ್ಪವಲ್ಲ.

ಹೆಸರಿನಿಂದಲೇ ಕಾಲವನ್ನು ತಿಳಿಸುವ ಮತ್ತೊಂದು ಮನೆಯುಂಟು. 1943ರಲ್ಲಿ ಗಾಂಧಿಬಜಾರಿನಲ್ಲಿ ಆರಂಭವಾದ ‘ವಿದ್ಯಾರ್ಥಿ ಭವನ’ವು ಸುತ್ತಲಿನ ಶಾಲೆ ಕಾಲೇಜುಗಳ ಹುಡುಗರನ್ನು ನಂಬಿ ಹುಟ್ಟಿದುದು. ಹಿಂದೆ ಏಳು ಮನೆಗಳ ದಯೆಯಿಂದ ವಾರಾನ್ನವನ್ನು ಉಂಡು ಓದುತ್ತಿದ್ದವನಿಗೆ ಬದಲಾಗಿ, ಚಿಲ್ಲರೆ ಕಾಸು ಕೊಟ್ಟು ದೋಸೆಯನ್ನು ತಿಂದು ಯಾರ ಋಣಕ್ಕೂ ಬೀಳದ ವಿದ್ಯಾರ್ಥಿಯು ಅಲ್ಲಿ ಕಾಣಿಸಿಕೊಂಡನು. ಅನ್ನವಿಕ್ರಯವನ್ನು ನಿಂದಿಸುವವರು ಇದನ್ನು ಗಮನಿಸಬೇಕು. ದಾನದಲ್ಲಿ ಪುಣ್ಯವು ಕೊಟ್ಟವನಿಗೆ, ಸಂಕೋಚವು ಉಂಡವನಿಗೆ. ನ್ಯಾಯವಾದ ಬೆಲೆಗೆ ಮಾರಿದ ಅನ್ನದಲ್ಲಿ ಆ ಸಂಕೋಚವಿಲ್ಲ.

ಇನ್ನು ಅಸ್ತಮಾನದ ವಿಚಾರ. ರುಚಿ ಕೆಟ್ಟಿತು, ಜನರು ಬಿಟ್ಟರು, ಬಾಗಿಲು ಮುಚ್ಚಿತು ಎಂದು ನಾವು ಸುಲಭವಾಗಿ ಹೇಳಿಬಿಡುವೆವು. ನಿಜಸ್ಥಿತಿಯು ಹಾಗಲ್ಲ. 1975ರಿಂದ 1977ರ ವರೆಗಿನ ತುರ್ತುಪರಿಸ್ಥಿತಿಯಲ್ಲಿ ಸರಕಾರವು ತಿಂಡಿಗಳಿಗೆ ಕಡಮೆ ದರಗಳನ್ನು ಕಟ್ಟುಮಾಡಿತು. ಮಾವಳ್ಳಿಯವರು ತುಪ್ಪವನ್ನು ತಗ್ಗಿಸಲೊಲ್ಲದೆ ನಷ್ಟದಲ್ಲಿಯೇ ಮಾರಿ, ದಿನದಿನದ ನಷ್ಟವನ್ನು ಹಲಗೆಯಲ್ಲಿ ಬರೆದು ತೋರಿಸಿ, ಕಡೆಗೆ ಬಾಗಿಲನ್ನು ಮುಚ್ಚಿದರು. ಕೆಲಸಗಾರರನ್ನು ಕೈಬಿಡದೆ ಮಸಾಲೆಪುಡಿಗಳನ್ನೂ ಸಿದ್ಧಹಿಟ್ಟುಗಳನ್ನೂ ಮಾಡಿ ಮಾರಿದರು. ಕೆಲವು ವರ್ಷಗಳ ಮೇಲೆ ಮತ್ತೆ ತೆರೆದರು. ಇಲ್ಲಿ ಮುಚ್ಚಿಸಿದುದು ದರದ ಕಟ್ಟಳೆ.

ಕಾಫಿ ಬೋರ್ಡು ತನ್ನ ಕಾಫಿಹೌಸುಗಳನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡವರು, ಎ. ಕೆ. ಗೋಪಾಲನ್ ಅವರ ಪ್ರೇರಣೆಯಿಂದ 1957ರಲ್ಲಿ ಬೆಂಗಳೂರಿನಲ್ಲಿ ಸಹಕಾರಸಂಘವನ್ನು ಕಟ್ಟಿಕೊಂಡರು, ಬಡಿಸುವವರೇ ಒಡೆಯರಾದರು. ಮಹಾತ್ಮಾಗಾಂಧಿ ರಸ್ತೆಯಲ್ಲಿ ದಶಕಗಳ ಕಾಲ ನಡೆದ ಅವರ ಕಾಫಿಹೌಸು 2009ರಲ್ಲಿ ಆ ಕಟ್ಟಡವನ್ನು ಬಿಡಬೇಕಾಗಿ ಬಂದು ಚರ್ಚ್ ಸ್ಟ್ರೀಟಿಗೆ ಹೋಯಿತು. ಇಲ್ಲಿ ಕದಲಿಸಿದುದು ಪರರ ಕಟ್ಟಡ. ಮಲ್ಲೇಶ್ವರದ ಸಂಪಿಗೆ ರಸ್ತೆಯ ನ್ಯೂ ಕೃಷ್ಣ ಭವನವು ಸುಮಾರು ಎಪ್ಪತ್ತು ವರ್ಷ ನಡೆದು 2023ರ ಡಿಸೆಂಬರಿನಲ್ಲಿ ನಿಂತಿತು. ಕಡೆಯ ದಿನಗಳಲ್ಲಿಯೂ ಅಲ್ಲಿ ಜನರು ಕಿಕ್ಕಿರಿದಿದ್ದರು. ನೆಲದ ಬೆಲೆಯು ಆಕಾಶಕ್ಕೇರಿದ ಊರಿನಲ್ಲಿ ಇಡ್ಲಿಯ ಆದಾಯವು ಅದರೊಡನೆ ಪೈಪೋಟಿ ನಡೆಯಿಸಲಾರದು.

ಈ ಒತ್ತಡದಿಂದಲೇ ಹೊಸ ರೂಪವೂ ಹುಟ್ಟಿತು. 1980ರ ದಶಕದಲ್ಲಿ ಜಯನಗರದಿಂದ ಮೊದಲಾಗಿ ಹಬ್ಬಿದ ‘ದರ್ಶಿನಿ’ಗಳಲ್ಲಿ ಚೀಟಿಯನ್ನು ಪಡೆದು, ತಟ್ಟೆಯನ್ನು ತಾನೇ ತಂದು, ನಿಂತು ತಿನ್ನುವುದು ಕ್ರಮ. ಸ್ಥಳವೂ ಆಳುಗಳೂ ಕಡಮೆ ಸಾಕಾದುದರಿಂದ ಬೆಲೆಯೂ ಕಡಮೆ. ನಿಂತು ತಿನ್ನುವುದು ಅಶಾಸ್ತ್ರೀಯವೆಂದು ಆಕ್ಷೇಪಿಸಬಹುದು. ಆದರೆ ಒಂದೇ ಕಟ್ಟೆಯ ಸುತ್ತ ಕೂಲಿಯವನೂ ಗುಮಾಸ್ತನೂ ಭುಜಕ್ಕೆ ಭುಜ ತಗುಲಿಸಿ ನಿಂತಿರುವಾಗ ಪಂಕ್ತಿಭೇದವನ್ನು ಹುಡುಕಿದರೂ ದೊರೆಯದು. ಶಾಸನದಿಂದ ತೊಡಗಿದುದನ್ನು ಸ್ಥಳಸಂಕೋಚವು ಮುಂದುವರಿಸಿತು. ಹೋದುದೇನೆಂದರೆ ಕೂತು ಹರಟುವ ಬಿಡುವು. ಒಂದು ಲೋಟ ಕಾಫಿಯ ಮೇಲೆ ಒಂದು ಗಂಟೆಯ ಸಾಹಿತ್ಯಚರ್ಚೆಯನ್ನು ಸಹಿಸುವ ಮೇಜು ಈಗ ವಿರಳ.

ಫಲಾಹಾರಮಂದಿರಕ್ಕೆ ಹೆಸರು, ನೆಲ, ಕೈ ಎಂದು ಮೂರು ಅಂಗಗಳು. ಹೆಸರನ್ನು ಬದಲಿಸಿಯೂ ಮನೆಯು ಬಾಳಿತು. ನೆಲವನ್ನು ಬಿಟ್ಟೂ ಬಾಳಿತು. ಪಳಗಿದ ಕೈ ಹೋದರೆ ಮಾತ್ರ ಉಳಿಯುವುದು ಬರಿಯ ಹಲಗೆ. ಆದರೂ ಮಾಲೀಕರ ಹೆಸರುಗಳು ಬರವಣಿಗೆಗೆ ಬಂದಷ್ಟು ಅಡುಗೆಭಟ್ಟರ, ಮಾಣಿಗಳ ಹೆಸರುಗಳು ಬಂದಿಲ್ಲ. ನಮ್ಮ ಜಿಲ್ಲೆಯಿಂದಲೂ ಪಟ್ಟಣಕ್ಕೆ ಹೋಗಿ ಒಲೆಯ ಮುಂದೆ ಆಯುಷ್ಯವನ್ನು ಕಳೆದವರು ಊರೂರಿನಲ್ಲಿರುವರು. ಸಂಘದ ಸದಸ್ಯರು ತಮ್ಮ ತಮ್ಮ ಗ್ರಾಮಗಳಲ್ಲಿ ಅಂಥ ವೃದ್ಧರನ್ನು ಕಂಡು, ಅವರು ಹೇಳಿದುದನ್ನು ಹೇಳಿದ ಹಾಗೆ ಬರೆದಿಟ್ಟರೆ, ಶಾಸನಗಳಲ್ಲಿ ದೊರೆಯದ ಚರಿತ್ರೆಯು ದೊರೆಯುವುದು. ಆ ಬಾಗಿಲೂ ಮುಚ್ಚುವುದರೊಳಗೆ ಈ ಕೆಲಸವು ನಡೆಯಬೇಕು.