ಸುಂಕದಿಂದ ಹುಟ್ಟಿದ ರುಚಿ

ಸ್ಕಾಚ್ ವಿಸ್ಕಿಯ ಆಸ್ವಾದವನ್ನು ಅಭ್ಯಸಿಸಹೊರಟವನಿಗೆ ಬಲ್ಲವರು ಮೊದಲು ಹೇಳುವುದು, ಕುಡಿಯಲು ಆತುರ ಬೇಡವೆಂದು. ತಳ ಅಗಲವಾಗಿ ಬಾಯಿ ಕಿರಿದಾದ ಗಾಜಿನ ಬಟ್ಟಲನ್ನು ಮೂಗಿನ ಬಳಿ ಹಿಡಿದು, ಕೊಂಚ ನೀರು ಬೆರೆಸಿ, ಮದ್ಯಸಾರದ ಉರಿ ತಗ್ಗಿದ ಮೇಲೆ ಏಳುವ ಪರಿಮಳವನ್ನು ನಿಧಾನವಾಗಿ ಆಘ್ರಾಣಿಸಬೇಕು. ನಾಲಗೆಯ ಸರದಿ ತರುವಾಯ. ನಾನಾ ಪೀಪಾಯಿಗಳ ಮದ್ಯವನ್ನು ಹದವರಿತು ಬೆರೆಸುವ ವೃತ್ತಿಯವರಂತೂ ಮೂಸಿಯೇ ನಿರ್ಣಯಿಸುವರು, ನುಂಗುವುದು ಅಪರೂಪ. ಇಂತು ಮೂಗಿಗೆ ದೊರೆಯುವ ಹೊಗೆ, ಒಣದ್ರಾಕ್ಷಿ, ಜೇನುಗಳ ವಾಸನೆಯು ರಸಿಕರ ಸಂಕಲ್ಪಕ್ಕಿಂತ ಬಡತನಕ್ಕೂ ಮಿತವ್ಯಯಕ್ಕೂ, ಎಲ್ಲಕ್ಕಿಂತ ಮಿಗಿಲಾಗಿ ಸುಂಕದ ಕಾಟಕ್ಕೂ ಋಣಿಯಾಗಿದೆಯೆಂದು ನನ್ನ ಎಣಿಕೆ.

ಸ್ಕಾಟ್ಲೆಂಡಿನ ರಾಜಭಂಡಾರದ 1494ರ ಲೆಕ್ಕಪತ್ರದಲ್ಲಿ, ಜಾನ್ ಕಾರ್ ಎಂಬ ಕ್ರೈಸ್ತ ಸಂನ್ಯಾಸಿಗೆ ಅಕ್ವಾ ವಿಟೇ ಎಂಬ ಭಟ್ಟಿಮದ್ಯ ಇಳಿಸಲೆಂದು ಬೋಲ್ ಎಂಬ ಅಳತೆಯಲ್ಲಿ ಎಂಟರಷ್ಟು ಮಾಲ್ಟ್, ಎಂದರೆ ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿ, ಕೊಟ್ಟ ಉಲ್ಲೇಖವುಂಟು. 1644ರಲ್ಲಿ ಅಲ್ಲಿನ ಸಂಸತ್ತು ಮದ್ಯದ ಮೇಲೆ ಮೊದಲ ಸುಂಕ ಹೇರಿತು. ಆದರೆ ರುಚಿಯ ಕಥೆ ಕವಲೊಡೆದುದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ತಗ್ಗುನಾಡಿನ ಭಟ್ಟಿಗಳಿಗೆ ಇಳಿದ ಮದ್ಯದ ಅಳತೆಯನ್ನು ಬಿಟ್ಟು ಪಾತ್ರೆ ಎಷ್ಟು ಹಿಡಿಯುವುದೋ ಅದರ ಮೇಲೆ ವಾರ್ಷಿಕ ತೆರಿಗೆ ವಿಧಿಸಿದಾಗ. 1786ರಲ್ಲಿ ಗ್ಯಾಲನ್ನಿಗೆ ಒಂದೂವರೆ ಪೌಂಡ್ ಇದ್ದುದು ಶತಮಾನ ಮುಗಿಯುವುದರೊಳಗೆ 54 ಪೌಂಡಿಗೆ ಏರಿತು. ತೆರಿಗೆ ತೆತ್ತ ಪಾತ್ರೆಯಿಂದ ಎಷ್ಟು ಬಾರಿ ಇಳಿಸಿದರೂ ಲಾಭವೇ ಆದುದರಿಂದ, ಅಲ್ಲಿನ ಭಟ್ಟಿಯವರು ಅಗಲವಾಗಿ ಆಳವಿಲ್ಲದ ಪಾತ್ರೆಗಳನ್ನು ಮಾಡಿಸಿ, ಉರಿಯನ್ನು ಭುಗಿಲೆಬ್ಬಿಸಿ, ನಿಮಿಷಗಳ ಲೆಕ್ಕದಲ್ಲಿ ತುಂಬುತ್ತ ಬರಿದು ಮಾಡುತ್ತ, ಗಂಟಲು ಸುಡುವ ಒರಟು ಮದ್ಯವನ್ನು ಹೊಳೆಯಂತೆ ಹರಿಯಿಸಿದರು. ಅತ್ತ ಬೆಟ್ಟಸೀಮೆಯ ಕಣಿವೆಗಳಲ್ಲಿ ಕಳ್ಳಭಟ್ಟಿ ನಡೆಸುವವನಿಗೆ ಸುಂಕದವನ ಭಯವೊಂದನ್ನುಳಿದು ಬೇರೆ ಅವಸರವಿರಲಿಲ್ಲ. ಚಿಕ್ಕ ಪಾತ್ರೆ, ಮೆಲ್ಲನೆಯ ಉರಿ, ಒಳ್ಳೆಯ ಮಾಲ್ಟ್ ಇವುಗಳಿಂದ ಆತ ಇಳಿಸಿದ್ದು ಸಹಜವಾಗಿಯೇ ಮೇಲ್ತರದ್ದಾಯಿತು. 1822ರಲ್ಲಿ ಎಡಿನ್‌ಬರಾಕ್ಕೆ ಚಿತ್ತೈಸಿದ ನಾಲ್ಕನೆಯ ಜಾರ್ಜ್ ದೊರೆಯು ಕೇಳಿದ್ದು ಗ್ಲೆನ್‌ಲಿವೆಟ್ ಕಣಿವೆಯ ವಿಸ್ಕಿಯನ್ನೇ; ತನ್ನ ಬೊಕ್ಕಸಕ್ಕೆ ವಂಚಿಸಿದವರ ಸರಕನ್ನು ತಾನೇ ಮೆಚ್ಚಿದ ದೊರೆಯ ರಸಜ್ಞತೆಗೆ ನಾವು ತಲೆದೂಗಬೇಕು. ಮರುವರ್ಷದ ಶಾಸನವು ಸುಂಕವನ್ನಿಳಿಸಲು, 1824ರಲ್ಲಿ ಆ ಕಣಿವೆಯ ಜಾರ್ಜ್ ಸ್ಮಿತ್ ಪರವಾನಗಿ ಪಡೆದನು. ಕಾನೂನಿಗೆ ತಲೆಬಾಗಿದ ಈ ನೆರೆಯವನ ಮೇಲೆ ಕಳ್ಳಭಟ್ಟಿಯವರ ಕೋಪ ಎಷ್ಟು ಉಗ್ರವಾಗಿತ್ತೆಂದರೆ, ಆತ್ಮರಕ್ಷಣೆಗಾಗಿ ಆತನು ಅಬರ್ಲೋರಿನ ಜಮೀನುದಾರನಿತ್ತ ಜೋಡಿ ಪಿಸ್ತೂಲುಗಳನ್ನು ಜೊತೆಯಲ್ಲಿಟ್ಟುಕೊಳ್ಳಬೇಕಾಯಿತು.

ಉಳಿದ ಗುಣಗಳೂ ಹೀಗೆಯೇ ಕೂಡಿಬಂದವು. ಮರ ವಿರಳವಾದ ದ್ವೀಪಗಳಲ್ಲಿ ಜೌಗುನೆಲದಿಂದ ಕಡಿದೊಣಗಿಸಿದ ಪೀಟ್ ಹೆಂಟೆಗಳೇ ಸೌದೆಯಾದ್ದರಿಂದ, ಮಾಲ್ಟ್ ಒಣಗುವಾಗ ಅದರ ಹೊಗೆಯನ್ನು ಹೀರಿತು. ಐಲಾ ದ್ವೀಪದ ವಿಸ್ಕಿಯಲ್ಲಿ ಆಸ್ಪತ್ರೆಯ ಔಷಧದ ನೆನಪು ತರುವ ಘಾಟು ಅದರದೇ. ಸ್ಪೇನಿನಿಂದ ಷೆರಿ ಎಂಬ ದ್ರಾಕ್ಷಾಮದ್ಯ ತುಂಬಿಕೊಂಡು ಬಂದ ಓಕ್ ಪೀಪಾಯಿಗಳು ಬ್ರಿಟನ್ನಿನಲ್ಲಿ ಬರಿದಾದಾಗ, ಅವನ್ನು ಎಸೆಯಲೊಲ್ಲದ ವರ್ತಕರು ಅವುಗಳಲ್ಲಿ ವಿಸ್ಕಿಯನ್ನು ತುಂಬಿಟ್ಟರು. ಒಣದ್ರಾಕ್ಷಿಯ ಗಂಧ ಅಲ್ಲಿಂದ ಬಂದಿತು.

ಪಕ್ವವಾಗುವ ಕಾಲವನ್ನು ಕಡ್ಡಾಯಗೊಳಿಸಿದುದು ಮೊದಲ ಮಹಾಯುದ್ಧ. ಕುಡಿತದಿಂದ ಮದ್ದುಗುಂಡಿನ ಕಾರ್ಖಾನೆಗಳ ಕೆಲಸ ಕೆಡುತ್ತಿದೆಯೆಂದು ಬ್ರಿಟನ್ನಿನ ಮಂತ್ರಿ ಲಾಯ್ಡ್ ಜಾರ್ಜ್ ಕಳವಳಗೊಂಡಿದ್ದ 1915ರಲ್ಲಿ, ಮದ್ಯವನ್ನು ಮಾರುವ ಮುನ್ನ ಕೆಲವು ವರ್ಷ ದಾಸ್ತಾನಿಡಬೇಕೆಂಬ ಶಾಸನವಾಯಿತು; ಮೊದಲಿಗೆ ಎರಡು ವರ್ಷ, ಬಳಿಕ ಮೂರು. ಮೂರರ ನಿಯಮ ಇಂದಿಗೂ ಉಂಟು. ಆದರೆ ಕಾಲದ ಅಳತೆ ಹವೆಯನ್ನು ಅವಲಂಬಿಸಿದೆ: ಸ್ಕಾಟ್ಲೆಂಡಿನ ತಂಪಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ನೂರಕ್ಕೆ ಎರಡು ಪಾಲು ಆವಿಯಾದರೆ, ಬೆಂಗಳೂರಿನ ಸೆಕೆಯಲ್ಲಿ ಹತ್ತಕ್ಕೂ ಮಿಗಿಲು. ಅಲ್ಲಿನ ಅಮೃತ್ ಭಟ್ಟಿಯವರು ಇಂತು ಬೇಗನೆ ಪಕ್ವವಾದ ತಮ್ಮ ಮಾಲ್ಟ್ ವಿಸ್ಕಿಯನ್ನು 2004ರಲ್ಲಿ ಮೊದಲು ಮಾರಾಟಕ್ಕಿಳಿಸಿದುದು ಗ್ಲಾಸ್ಗೋ ನಗರದಲ್ಲಿ.